ಎರಡೇ ದಿನಕ್ಕೆ ನೀರು ಮಬ್ಬು, ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಿಡುತ್ತಿವೆ: ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಪ್ರಶ್ನೆ: ಟ್ಯಾಂಕ್ 45×25×30 ಸೆಂ.ಮೀ. ಗೋಲ್ಡ್‌ಫಿಶ್ ತಳಿಗಳಲ್ಲಿ ಎರಡು ಒರಾಂಡಾ, ಒಂದು ಕಾಮೆಟ್ ಇವೆ. ಮೂರೂ ಸುಮಾರು 6 ಸೆಂ.ಮೀ. ಚಿಕ್ಕ ಸ್ಪಂಜ್ ಫಿಲ್ಟರ್ ಓಡುತ್ತಿದೆ. ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ಸ್ಪಂಜನ್ನೂ ನಲ್ಲಿ ಕೆಳಗೆ ಹಿಂಡಿ ತೊಳೆಯುತ್ತೇನೆ. ಆದರೂ ನೀರು ಮಬ್ಬಾಗುತ್ತದೆ. ತಳ 45×30, ಎತ್ತರ 60 ಸೆಂ.ಮೀ. ಇರುವ ಟ್ಯಾಂಕ್ ತರೋಣ ಅಂತಿದ್ದೇನೆ. ಸಾಕಾಗುತ್ತಾ?

ಉತ್ತರ 1: ಮೊದಲು ಮೀನು ಉಳಿಸಿಕೊಳ್ಳಿ. ಇವತ್ತೇ ಅರ್ಧ ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಉಷ್ಣತೆ ಹಳೆಯ ನೀರಿನಷ್ಟೇ ಇರಲಿ. ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ಎರಡು ದಿನ ಆಹಾರ ನಿಲ್ಲಿಸಿ.

ಉದ್ದ×ಅಗಲ×ಎತ್ತರ ಗುಣಿಸಿ 1000ದಿಂದ ಭಾಗಿಸಿದರೆ ನಿಮ್ಮದು 33 ಲೀಟರ್ ಚಿಲ್ಲರೆ. ಮೇಲೆ ಬಿಟ್ಟ ಜಾಗ, ಕಲ್ಲು ಕಳೆದರೆ ನೀರು 28 ಲೀಟರ್ ಅಷ್ಟೇ. ಗೋಲ್ಡ್‌ಫಿಶ್ ಕಿವಿರಿನಿಂದಲೇ ಅಮೋನಿಯಾ ಎಂಬ ವಿಷವನ್ನು ಹೊರಹಾಕುತ್ತಿರುತ್ತದೆ. ಅದನ್ನು ಮುರಿಯುವ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಲ್ಲ, ಸ್ಪಂಜಿನಲ್ಲಿ ಮತ್ತು ಕಲ್ಲಿನ ಮೇಲೆ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜ್ ತೊಳೆದಾಗಲೆಲ್ಲ ಅವು ಸಾಯುತ್ತವೆ. ಇನ್ನುಮುಂದೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ.

ಉತ್ತರ 2: ಎತ್ತರದ ಟ್ಯಾಂಕ್ ಬೇಡ. 45×30×60 ಅಂದರೆ 81 ಲೀಟರ್. 60×30×45 ಕೂಡ 81 ಲೀಟರೇ. ಆದರೆ ಗಾಳಿಗೆ ತೆರೆದಿರುವ ಮೇಲ್ಮೈ ಮೊದಲನೆಯದರಲ್ಲಿ 1350 ಚದರ ಸೆಂ.ಮೀ., ಎರಡನೆಯದರಲ್ಲಿ 1800. ಆಮ್ಲಜನಕ ಸೇರುವುದು ಮೇಲ್ಮೈಯಿಂದ, ಈಜಲು ಬೇಕಾದದ್ದೂ ಉದ್ದವೇ.

ಒರಾಂಡಾ, ಫ್ಯಾನ್‌ಟೇಲ್, ಬ್ಲ್ಯಾಕ್ ಮೂರ್‌ನಂಥ ಗುಂಡು ಮೈಯವಕ್ಕೆ ನಾವು ಹಿಡಿಯುವ ಲೆಕ್ಕ: ಮೊದಲನೆಯದಕ್ಕೆ 75 ಲೀಟರ್, ಆಮೇಲೆ ಒಂದೊಂದಕ್ಕೂ 40. ನಿಮ್ಮ ಎರಡಕ್ಕೆ 115 ಲೀಟರ್ ನಿಜವಾದ ನೀರು ಬೇಕು. ಒಳ ಅಳತೆ 90×40×40 ಇದ್ದು, 36 ಸೆಂ.ಮೀ. ತುಂಬಿಸಿದರೆ ಕಲ್ಲು ಕಳೆದು ಸುಮಾರು 120 ಸಿಗುತ್ತದೆ. ಗಾಜು, ಕಲ್ಲು ಸೇರಿ ತೂಕ 150 ಕೆ.ಜಿ. ದಾಟುತ್ತದೆ, ಸ್ಟ್ಯಾಂಡ್ ಅದಕ್ಕೆ ತಕ್ಕಂತಿರಲಿ.

ಕಾಮೆಟ್ ಇದರಲ್ಲಿ ಸೇರುವುದಿಲ್ಲ. ಅದು 25–30 ಸೆಂ.ಮೀ. ಬೆಳೆಯುವ ಚುರುಕು ಮೀನು, ನಿಧಾನವಾಗಿ ಈಜುವ ಒರಾಂಡಾಗಳ ಪಾಲಿನ ಆಹಾರವನ್ನೂ ಕಸಿಯುತ್ತದೆ. ಹೊರಗಿನ ಕೊಳವೇ ಅದಕ್ಕೆ ಸರಿಯಾದ ಜಾಗ.

ಪ್ರಶ್ನೆ: ಈಗಿನ್ನೂ ಚಿಕ್ಕವಲ್ಲವೇ? ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತವೆ ಅನ್ನುತ್ತಾರಲ್ಲ.

ಉತ್ತರ 2: ದಯವಿಟ್ಟು ಅದನ್ನು ನಂಬಬೇಡಿ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಆಯಸ್ಸೂ ಕಡಿಮೆಯಾಗುತ್ತದೆ. ಅದು ಹೊಂದಾಣಿಕೆಯಲ್ಲ, ಹಾನಿ. 60×30×45 ಕೆಲವು ತಿಂಗಳು ನಡೆದೀತು. ಆಮೇಲೆ ಮತ್ತೆ ದೊಡ್ಡದನ್ನು ಕೊಳ್ಳಲೇಬೇಕು.

ಉತ್ತರ 1: ಫಿಲ್ಟರ್ ಗಂಟೆಗೆ ಟ್ಯಾಂಕಿನ ಎಂಟರಷ್ಟು ನೀರು ಎಳೆಯಬೇಕು, 120 ಲೀಟರಿಗೆ ಸುಮಾರು 1000. ಡಬ್ಬಿಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಬರೀ ಪಂಪಿನದು, ಸ್ಪಂಜ್ ಹಾಕಿದ ಮೇಲೆ ಇಳಿಯುತ್ತದೆ. ಹಾಗಾಗಿ ಒಂದು ಅಳತೆ ದೊಡ್ಡದನ್ನೇ ತನ್ನಿ.

ಹಳೆಯ ಸ್ಪಂಜ್ ಫಿಲ್ಟರ್ ಎಸೆಯಬೇಡಿ, ಹೊಸ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಜೊತೆಗೇ ಓಡಲಿ. ಅಲ್ಲಿಯತನಕ ಅಮೋನಿಯಾ ಮತ್ತು ಬ್ಯಾಕ್ಟೀರಿಯಾ ಅದನ್ನು ಮುರಿದಾಗ ಬರುವ ನೈಟ್ರೈಟ್ (ಅದೂ ವಿಷವೇ) ದಿನವೂ ಪರೀಕ್ಷಿಸಿ; ಯಾವುದಾದರೂ ಸೊನ್ನೆಗಿಂತ ಮೇಲೆ ಕಂಡರೆ ಅಂದೇ ಅರ್ಧ ನೀರು ಬದಲಿಸಿ. ಎರಡೂ ಸೊನ್ನೆಗೆ ನಿಂತ ಮೇಲೆ ವಾರಕ್ಕೆ 40% ಸಾಕು. ಅಷ್ಟು ಬದಲಿಸಿದರೂ ವಾರದ ಕೊನೆಗೆ ನೈಟ್ರೇಟ್ (ನೈಟ್ರೈಟ್ ಮುರಿದು ಕೊನೆಗೆ ಉಳಿಯುವುದು) 40 ಪಿಪಿಎಂ, ಅಂದರೆ ಲೀಟರಿಗೆ 40 ಮಿ.ಗ್ರಾಂ. ದಾಟುತ್ತಿದ್ದರೆ ಆಹಾರ ಹೆಚ್ಚಾಗಿದೆ, ಇಲ್ಲವೇ ಮೀನಿಗೆ ಆ ಟ್ಯಾಂಕೂ ಸಾಲುತ್ತಿಲ್ಲ.