ಪದಚರ್ಚೆ: ತೋಟಾ, ಗುಂಡು, ಕುದುರೆ – ಸಂಗ್ರಹಾಲಯದ ಫಲಕಕ್ಕೆ

ಮಾನ್ಯರೇ,

ಸಂಗ್ರಹಾಲಯದಲ್ಲಿ ಕೊಡಗಿನ ಕೋವಿಗಳ ಪಕ್ಕ ಹಾಕುವ ಫಲಕಕ್ಕೆ ಕೋವಿಯ ಭಾಗಗಳ ಕನ್ನಡ ಹೆಸರು ಕೇಳಿದ್ದೀರಿ, ಫಲಕ ನಾಳೆಯೇ ಅಚ್ಚಿಗೆ ಹೋಗಬೇಕು ಎಂದಿದ್ದೀರಿ. ಹಾಗಾಗಿ ಉತ್ತರ ಮೊದಲು, ವಾದ ಆಮೇಲೆ. ನಳಿಗೆ (ಕೋವಿಯ ಕೊಳವೆ), ಕುದುರೆ, ಗಜ (ಮದ್ದು ಜಡಿಯುವ ಸಲಾಕೆ), ಮದ್ದು (ಸಿಡಿಯುವ ಪುಡಿ), ಕೇಪು (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ), ತೋಟಾ, ಗುಂಡು, ಚರೆ (ಸಣ್ಣ ಲೋಹದ ಕಾಳುಗಳು). ಇವಿಷ್ಟನ್ನು ಧೈರ್ಯವಾಗಿ ಬರೆಯಿರಿ.

ಕೋವಿಗೂ ಮದ್ದಿಗೂ ನಿನ್ನೆ ಇಲ್ಲಿ ಕೆಲವರು ಸೂಚಿಸಿದ 'ಭುಶುಂಡಿ', 'ಅಗ್ನಿಚೂರ್ಣ'ಗಳನ್ನು ಕೈಬಿಡಿ. ಭುಶುಂಡಿ ಮಹಾಭಾರತದಲ್ಲಿ ಬರುವ ಒಂದು ಆಯುಧದ ಹೆಸರು. ಅದು ಕೋವಿಯೇ ಆಗಿತ್ತು ಎನ್ನಲು ಆಧಾರವಿಲ್ಲ. 'ಮದ್ದು' ಎಂಬ ಮಾತು ಬಾಯಲ್ಲಿರುವಾಗ ಚೂರ್ಣ ಯಾರಿಗೆ ಬೇಕು?

ನಿಮ್ಮ ಕರಡಿನಲ್ಲಿ ತಿದ್ದಲೇಬೇಕಾದದ್ದು 'ಜೀವಂತ ಗುಂಡುಗಳು', ಅಂದರೆ ಇಂಗ್ಲಿಷಿನ 'ಲೈವ್ ಬುಲೆಟ್'ನ ನೇರ ಅನುವಾದ. ಪತ್ರಿಕೆಗಳು ಇದನ್ನು ಎಷ್ಟು ಸಲ ಅಚ್ಚು ಹಾಕಿದರೂ ಅದು ಕನ್ನಡವಾಗುವುದಿಲ್ಲ. ಅರ್ಥವೂ ತಪ್ಪು. ಗುಂಡು ಎಂದರೆ ನಳಿಗೆಯಿಂದ ಹೊರಗೆ ಹಾರುವ ಲೋಹ ಮಾತ್ರ. ಕೋಶ, ಅದರ ಬುಡದ ಕೇಪು, ಒಳಗಿನ ಮದ್ದು, ಮುಂದಿನ ಗುಂಡು ಅಥವಾ ಚರೆ, ಇವೆಲ್ಲ ಸೇರಿದ್ದು ತೋಟಾ. ಆದ್ದರಿಂದ 'ಹಾರಿಸದ ತೋಟಾ', 'ಖಾಲಿ ತೋಟಾ' ಎಂದರೆ ಸಾಕು. ಕೇಪಿನ ಕೋವಿಗೆ ತೋಟಾ ಇಲ್ಲ. ಅದಕ್ಕೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಹಿಂದೆ ಕೇಪು ಕೂರಿಸಬೇಕು. ಕೇಪಿನ ಕೋವಿಗೂ ತೋಟಾ ಕೋವಿಗೂ ಒಂದೇ ವಿವರಣೆ ಹಾಕಿದ್ದೀರಿ, ಬೇರ್ಪಡಿಸಿ.

ಕುದುರೆಯ ವಿಷಯ. ಕೇಪಿನ ಮೇಲೆ ಬಡಿಯುವುದು ಕುದುರೆ, ಬೆರಳಿಗೆ ಸಿಗುವುದು ಟ್ರಿಗರ್. ಬರವಣಿಗೆಯಲ್ಲಿ ಎರಡಕ್ಕೂ ಕುದುರೆ ಎನ್ನುವ ರೂಢಿ ಇದೆ. ಹಿಂದಿಯ 'ಘೋಡಾ' ಕೂಡ ಹೀಗೆಯೇ ಎರಡೂ ಕಡೆ ಓಡಾಡುತ್ತದೆ. ಕಥೆಯಲ್ಲಾದರೆ ನಡೆಯುತ್ತದೆ, ಬಾಣದ ಗುರುತು ಹಾಕಿ ಭಾಗ ತೋರಿಸುವ ಫಲಕದಲ್ಲಿ ನಡೆಯುವುದಿಲ್ಲ. ತಮಿಳಿನಲ್ಲೂ ಈ ಬಡಿಯುವ ಭಾಗಕ್ಕೆ 'ಕುದಿರೈ' ಎಂದೇ ಹೆಸರು. ಇಷ್ಟು ಭಾಷೆಗಳು ಒಂದೇ ಪ್ರಾಣಿಯನ್ನು ಅಲ್ಲಿ ಕಂಡಿರುವಾಗ 'ಆಘಾತಕ' ಎಂದು ಹೊಸದಾಗಿ ಕಟ್ಟುವುದು ಶುದ್ಧ ಹಟ.

'ಬೋಲ್ಟ್ ಕ್ರಿಯೆ' ಬೇಡ. ಬಾಗಿಲಿನ ಅಗುಳಿಯಂತೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ತೋಟಾ ಕೂರಿಸುವ ರೈಫಲ್ ಎಂದು ಬಿಡಿಸಿ ಬರೆಯಿರಿ. '12 ಬೋರ್' ಹಾಗೆಯೇ ಇರಲಿ, ಆದರೆ ಅದು 12 ಮಿಲಿಮೀಟರ್ ಅಲ್ಲ. ನಳಿಗೆಗೆ ಸರಿಯಾಗಿ ಹೊಂದುವ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂಬ ಲೆಕ್ಕ. ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಅದಕ್ಕೇ 16 ಬೋರಿನ ನಳಿಗೆ 12 ಬೋರಿನದಕ್ಕಿಂತ ಕಿರಿದು.

ಇನ್ನು 'ಬಂದೂಕು ಪರಕೀಯ, ಕೋವಿ ಮಾತ್ರ ನಮ್ಮದು' ಎಂದವರಿಗೆ. ಕೋವಿ ನಮ್ಮದೇ, ಒಪ್ಪಿದೆ. ಆ ಮಾತಿಗೆ ಕೊಳವೆ ಎಂಬ ಅರ್ಥವೂ ಇದೆ. ಬಂದೂಕು ಅರಬ್ಬಿಯಿಂದ ಬಂತು. ಅಲ್ಲಿ 'ಬುಂದುಕ್' ಮೊದಲು ಒಂದು ಕಾಯಿಯ ಹೆಸರು, ಆಮೇಲೆ ಎಸೆಯುವ ಉಂಡೆ, ಕೊನೆಗೆ ಆಯುಧ. ಕೋವಿಯ ಇನ್ನೊಂದು ಹೆಸರಾದ ತುಪಾಕಿಯ ಬೇರು ತುರ್ಕಿ ಭಾಷೆಯಲ್ಲಿದೆ. ರೈಫಲ್ಲಿನಲ್ಲಿ ತೋಟಾ ತುಂಬಿಡುವ ಪೆಟ್ಟಿಗೆಯ ಹೆಸರು ಮ್ಯಾಗಜಿನ್ ಕೂಡ ಉಗ್ರಾಣ ಎಂಬ ಅರ್ಥದ ಅರಬ್ಬಿ 'ಮಖ್ಜನ್'ನಿಂದ ಹೊರಟದ್ದು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ಇಂಗ್ಲಿಷರು ಕರೆದದ್ದೂ ಅದೇ ಪದದಿಂದ. ವಸ್ತು ಬಂದ ದಾರಿಯಲ್ಲೇ ಹೆಸರೂ ಬಂದಿದೆ. ಹೊರಗಿನದೆಂದು ಬಂದೂಕನ್ನು ಹೊಡೆದುಹಾಕುವವರು ತೋಟಾವನ್ನೂ ಕೇಪನ್ನೂ ಹೊಡೆದುಹಾಕಬೇಕಾಗುತ್ತದೆ. ಆಗ ಕೊಡಗಿನ ಕೋವಿಯ ಬಗ್ಗೆ ಒಂದು ಸಾಲನ್ನೂ ಬರೆಯಲಾಗುವುದಿಲ್ಲ.

ಫಲಕದ ತಲೆಬರಹಕ್ಕೆ 'ಕೋವಿ', ರೈಫಲ್ಲಿನ ಪೆಟ್ಟಿಗೆಗೆ 'ಮ್ಯಾಗಜಿನ್'. ತಿದ್ದಿದ ಕರಡನ್ನು ಇಂದು ರಾತ್ರಿಯೊಳಗೆ ಕಳುಹಿಸಿದರೆ ನೋಡಿಕೊಡುತ್ತೇನೆ.