ಎಲ್ರೂ ಒಂದೇ ತರ ಆಗೋಗೋ ಏಲಿಯನ್ ಸಿನಿಮಾ, ಹಾಸ್ಟೆಲ್ ಕತೆ ಮಾಡೋಕೆ ಯಾವ್ಯಾವ್ದು ನೋಡ್ಬೇಕು?

ಕ್ಯಾತ್ಸಂದ್ರ_ಕ್ಯಾಮೆರಾ:
ನಮಸ್ಕಾರ ಎಲ್ರಿಗೂ. ತುಮಕೂರಲ್ಲಿ ನಾಕು ಜನ ಫ್ರೆಂಡ್ಸ್ ಸೇರ್ಕೊಂಡು ಒಂದು ಶಾರ್ಟ್ ಫಿಲ್ಮ್ ಮಾಡೋಣ ಅಂತಿದೀವಿ, ಹಾರರ್ರು, ಏಲಿಯನ್ ಕತೆ. ಐಡಿಯಾ ಹೊಳೆದಿದ್ದು ನಮ್ ಚಿಕ್ಕಪ್ಪನ ಮಗನ್ನ ನೋಡಿ. ನೀಟ್ ಕೋಚಿಂಗ್ ಇರೋ ಪಿಯು ಹಾಸ್ಟೆಲಿಗೆ ಸೇರ್ಸಿದ್ರು, ದಸರಾ ರಜಕ್ಕೆ ಬಂದಿದ್ದ. ಮೊದ್ಲೆಲ್ಲ ತಟ್ಟೆ ಇಡ್ಲಿ ತಂದ್ರೆ ಬೆಣ್ಣೆ ಜಾಸ್ತಿ ಇರೋದು ನಂಗೇ ಅಂತ ಕಿತ್ತಾಡ್ತಿದ್ದೋನು, ಈಗ ಕೊಟ್ಟಿದ್ದು ತಿಂದ, ತಟ್ಟೆ ತೊಳೆದಿಟ್ಟ, ಆಮೇಲೆ ಅವರಮ್ಮನ ಮುಂದೆ ಕೈ ಕಟ್ಕೊಂಡು ನಿಂತು ‘ನೀರು ಕುಡೀಲಾ?’ ಅಂತ ಕೇಳ್ದ. ಮನೇಲಿ ಎಲ್ರಿಗೂ ಖುಷಿಯೋ ಖುಷಿ, ಹುಡುಗ ದಾರಿಗೆ ಬಂದ ಅಂತ. ನಂಗೆ ಮೈ ಜುಂ ಅಂತು.

ಸ್ಕೂಲ್ ಮೇಷ್ಟ್ರುಗಳೇ ಏಲಿಯನ್ ಆಗೋಗೋ ರಾಡ್ರಿಗಸ್ ಸಿನಿಮಾ ‘ದಿ ಫ್ಯಾಕಲ್ಟಿ’ ನೋಡಿದೀನಿ. ಇನ್ನೇನ್ ನೋಡ್ಬೇಕು? ಏಲಿಯನ್‌ನ ತೋರಿಸ್ಲೇಬೇಕಾ? ಗ್ರಾಫಿಕ್ಸಿಗೆಲ್ಲ ದುಡ್ಡಿಲ್ಲ ಗುರು.

ಸೆಕೆಂಡ್_ಶೋ_ಶೀನ:
ತೋರಿಸ್ಬೇಡಿ. ಈ ತರದ ಸಿನಿಮಾಗೆಲ್ಲ ತಾಯಿಬೇರು ಅಂದ್ರೆ 1956ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’, ಡಾನ್ ಸೀಗಲ್ ಡೈರೆಕ್ಷನ್ನು, ಜ್ಯಾಕ್ ಫಿನ್ನಿ ಕಾದಂಬರಿ ಮೇಲೆ ಮಾಡಿದ್ದು. ಅದ್ರಲ್ಲಿ ಇರೋದು ದೊಡ್ಡ ದೊಡ್ಡ ಬೀಜದ ಕಾಯಿಗಳು ಅಷ್ಟೇ, ಊರಿನ ಜನ ನಿದ್ದೆ ಮಾಡಿದ್ರೆ ಅವರ ಜಾಗಕ್ಕೆ ಅವರ ತರಾನೇ ಇರೋ ಇನ್ನೊಬ್ರು ಬರ್ತಾರೆ, ನೆನಪು ಮಾತು ಎಲ್ಲ ಅದೇ, ಪ್ರೀತಿ ಕೋಪ ಮಾತ್ರ ಇರಲ್ಲ. ಇದು ಕಮ್ಯುನಿಸ್ಟರ ಬಗ್ಗೆ ಅಂತ ಒಂದಷ್ಟು ಜನ, ಇಲ್ಲ ಕಮ್ಯುನಿಸ್ಟರ ಭಯ ಹಿಡ್ಕೊಂಡು ಬೇಟೆ ಆಡಿದೋರ ಬಗ್ಗೆ ಅಂತ ಇನ್ನೊಂದಷ್ಟು ಜನ ಇವತ್ತಿಗೂ ಜಗಳ ಆಡ್ತಾರೆ. 1978ರಲ್ಲಿ ಫಿಲಿಪ್ ಕಾಫ್ಮನ್ ಮತ್ತೆ ಮಾಡ್ದ, ಅದನ್ನೂ ಬಿಡ್ಬೇಡಿ.

ನಿಮ್ ಕತೆಗೆ ಹತ್ರ ಬರೋದು ಮಾತ್ರ 1993ರ ಏಬಲ್ ಫೆರಾರಾ ವರ್ಷನ್. ಮಿಲಿಟರಿ ಕ್ಯಾಂಪು, ಟೀನೇಜ್ ಹುಡುಗಿ. ಅಲ್ಲಿ ಮೊದ್ಲೇ ಎಲ್ರೂ ಯೂನಿಫಾರಂ ಹಾಕ್ಕೊಂಡು ಹೇಳಿದಂಗೆ ಕೇಳೋರೇ, ಯಾರು ಬದಲಾಗವ್ರೆ ಯಾರು ಇಲ್ಲ ಅಂತ ಹೆಂಗ್ ಗೊತ್ತಾಗ್ಬೇಕು! ಅದ್ರಲ್ಲೊಂದು ಸೀನ್ ಐತೆ, ಅವಳ ಪುಟ್ಟ ತಮ್ಮ ಕ್ಲಾಸಲ್ಲಿ ಚಿತ್ರ ಬರೀತಾನೆ, ಎಲ್ಲ ಮಕ್ಳೂ ಹಾಳೆ ಎತ್ತಿ ತೋರಿಸ್ತವೆ, ಎಲ್ಲದ್ರಲ್ಲೂ ಒಂದೇ ಚಿತ್ರ, ಇವನದು ಒಂದು ಬೇರೆ. ಗ್ರಾಫಿಕ್ಸ್ ಖರ್ಚು ಸೊನ್ನೆ. ನೀವು ಓಎಂಆರ್ ಶೀಟ್ ಇಟ್ಕೊಂಡು ಇದೇ ಸೀನ್ ಮಾಡ್ಬೋದು.

ಆಮೇಲೆ 1998ರ ‘ಡಿಸ್ಟರ್ಬಿಂಗ್ ಬಿಹೇವಿಯರ್’. ಸಿನಿಮಾ ಸುಮಾರು, ಏಲಿಯನ್ನೂ ಇಲ್ಲ, ತಲೇಲಿ ಚಿಪ್ ಇಡ್ತಾರೆ. ಆದ್ರೆ ಮಕ್ಳನ್ನ ಒಪ್ಪಿಸೋದು ಅಪ್ಪ ಅಮ್ಮನೇ, ಆ ಒಂದು ಪಾಯಿಂಟ್ ಸಾಕು.

ಪಾವಗಡದ_ಬಿಸ್ಲು:
ಫ್ಯಾಕಲ್ಟಿ ಏಲಿಯನ್ನು ನಮ್ ಕಡೆ ಬದುಕಲ್ಲ ಬಿಡಿ. ಆ ಮೇಷ್ಟ್ರುಗಳು ಮೂರೊತ್ತೂ ನೀರು ಕುಡೀತಿರ್ತಾರೆ, ಒಣಗಿದ್ರೆ ಸಾಯ್ತಾರೆ, ಅದಕ್ಕೇ ಆ ಹುಡುಗ ಮೈ ಒಣಗಿಸೋ ಕೆಫೀನ್ ಪುಡಿ ತುಂಬಿದ ಪೆನ್ನನ್ನ ಕಣ್ಣಿಗೆ ಚುಚ್ಚಿ ಸಾಯಿಸೋದು. ಪಾವಗಡಕ್ಕೆ ಬಂದ್ರೆ ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಮುಂದೆ ಕ್ಯೂ ನಿಲ್ಬೇಕಾಯ್ತದೆ 😂

ಸೀರಿಯಸ್ಸಾಗಿ ಹೇಳ್ಬೇಕಂದ್ರೆ ಪರೀಕ್ಷೆ ಸೀನ್ ಮೇಲೆ ತಲೆ ಕೆಡಿಸ್ಕೊಳ್ಳಿ, ಎಲ್ರೂ ಒಂದ್ ರೂಮಲ್ಲಿ ಕೂತಿರ್ತಾರೆ, ಯಾರು ಏಲಿಯನ್ ಅಂತ ಒಬ್ಬೊಬ್ರನ್ನೇ ನೋಡೋದು. ಜಾನ್ ಕಾರ್ಪೆಂಟರ್ ಡೈರೆಕ್ಟ್ ಮಾಡಿದ 1982ರ ‘ದಿ ಥಿಂಗ್’ನಲ್ಲಿ ರಕ್ತಕ್ಕೆ ಕಾದ ತಂತಿ ಇಟ್ಟು ನೋಡ್ತಾರಲ್ಲ, ಫ್ಯಾಕಲ್ಟಿಲಿ ಒಬ್ಬೊಬ್ರೂ ಆ ಪುಡಿ ಮೂಗಿಗೆ ಏರಿಸಿ ತೋರಿಸೋ ಸೀನೂ ಅದೇ ದಾರಿ. ನಿಮ್ಮದಕ್ಕೂ ಒಂದು ಟೆಸ್ಟ್ ಬೇಕು, ಕೆಮಿಸ್ಟ್ರಿ ಲ್ಯಾಬಿಂದ ಬರೋದಲ್ಲ, ಬೇರೆ ತರದ್ದು.

ಔಟ್‌ಡೋರ್ ಬೇಕಂದ್ರೆ ನಮ್ ಸೋಲಾರ್ ಪಾರ್ಕ್ ಕಡೆ ಬನ್ನಿ, 2050 ಮೆಗಾವ್ಯಾಟು, ಹದಿಮೂರು ಸಾವಿರ ಎಕರೆ ಹತ್ರ, ಸಾಲಿಗೆ ಸಾಲು ಪ್ಯಾನೆಲ್ಲು. ಒಳಗೆ ಬಿಡಲ್ಲ, ರೋಡಿಂದ ತೆಗೆದ್ರೂ ಸಾಕು, ಬೇರೆ ಗ್ರಹಾನೇ.

ರೂಂ_ನಂಬರ್_ಹನ್ನೆರಡು:
ಹಾಸ್ಟೆಲಲ್ಲಿ ಎರಡು ವರ್ಷ ಇದ್ದೋಳು ನಾನು, ಒಂದು ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನೀವು ಹೊರಗಿಂದ ನೋಡಿ ಹುಡುಗ ಏಲಿಯನ್ ಆಗೋದ ಅಂತೀರ. ಅವನು ಆಗಿಲ್ಲ, ನಾಟಕ ಮಾಡ್ತಾವ್ನೆ. ಶೀನ ಅವ್ರು ಹೇಳಿದ 1956ರ ಸಿನಿಮಾದಲ್ಲೇ ನೋಡಿ, ಹೀರೋ ಡಾಕ್ಟ್ರೂ ಅವನ ಹುಡುಗೀನೂ ತಪ್ಪಿಸ್ಕೊಳ್ಳೋಕೆ ಮುಖದಲ್ಲಿ ಏನೂ ಕಾಣಿಸ್ದಂಗೆ ಅವರ ಮಧ್ಯಾನೇ ನಡ್ಕೊಂಡು ಹೋಗ್ತಾರೆ, ಒಂದು ನಾಯಿ ಗಾಡಿಗೆ ಸಿಕ್ಕೋ ತರ ಆದಾಗ ಅವಳು ಅಯ್ಯೋ ಅಂತ ಕಿರುಚ್ತಾಳೆ, ಸಿಕ್ಕಾಕ್ಕೋತಾಳೆ. ಹಾಸ್ಟೆಲ್ ಅಂದ್ರೆ ಅದೇ. ವಾರ್ಡನ್ ಮೇಡಂ ಕಾರಿಡಾರಲ್ಲಿ ಬಂದ್ರೆ ನಲವತ್ತು ಜನಾನೂ ಒಂದೇ ಮುಖ, ಲೈಟ್ ಆಫ್ ಆದ್ಮೇಲೆ ಬೆಡ್‌ಶೀಟ್ ಒಳಗೆ ಉಪ್ಪಿನಕಾಯಿ ಡಬ್ಬಿ ಸುತ್ತಾಡೋದು, ಅದನ್ನ ನೆಕ್ತಾ ನೆಕ್ತಾ ಮೇಡಂ ನಡಿಗೆ ಮಿಮಿಕ್ರಿ. ಭಯ ಏನು ಅಂದ್ರೆ, ಆ ನಲವತ್ತರಲ್ಲಿ ನಿಜವಾಗ್ಲೂ ಬದಲಾಗಿರೋಳು ಒಬ್ಳು ಇದ್ರೆ ನಮಗೂ ಗೊತ್ತಾಗಲ್ಲ, ಅವಳೂ ನಗ್ತಾಳೆ. ನಿಮ್ ಟೆಸ್ಟ್ ಅಲ್ಲೈತೆ ನೋಡಿ, ನಗು ತಡ್ಕೊಳ್ಳೋಕೆ ಆಗ್ದೇ ಇರೋ ಜಾಗದಲ್ಲಿ ಯಾರು ತಡ್ಕೋತಾರೆ ಅಂತ.

ಇನ್ನೊಂದು. ಫ್ಯಾಕಲ್ಟಿ ಎಂಡಿಂಗ್ ನಂಗೆ ಏಲಿಯನ್‌ಗಿಂತ ಹೆದ್ರಿಕೆ (ನೋಡಿಲ್ದೇ ಇರೋರು ಓದ್ಬೇಡಿ). ಏಲಿಯನ್ ಸತ್ತೋಯ್ತಲ್ಲ, ಆಮೇಲೆ ಏನಾಯ್ತು? ಕಪ್ಪು ಬಟ್ಟೆ ಹಾಕ್ಕೊಂಡು ಯಾರನ್ನೂ ಹತ್ರ ಬಿಟ್ಕೊಳ್ದೇ ಇದ್ದ ಸ್ಟೋಕ್ಲಿ ತಿಳಿ ಬಣ್ಣದ ಬಟ್ಟೆ ಹಾಕ್ಕೊಂಡು ಬಾಯ್‌ಫ್ರೆಂಡ್ ಪಕ್ಕ ಕೂತವ್ಳೆ, ಮೇಷ್ಟ್ರಿಗೆ ಕ್ಯಾರೇ ಅನ್ದೇ ಇದ್ದ ಝೀಕ್ ಫುಟ್‌ಬಾಲ್ ಟೀಮಲ್ಲಿ. ಏಲಿಯನ್ ಕೈಲಿ ಆಗದಿದ್ದು ಸ್ಕೂಲು ಮಾಡ್ತು. ರಾಡ್ರಿಗಸ್ ಬೇಕಂತ ಮಾಡಿದ್ನೋ ಏನೋ, ಹ್ಯಾಪಿ ಎಂಡಿಂಗ್ ಅಂತ ನೋಡ್ದೋರಿಗೆ ಕೈ ಮುಗೀಬೇಕು.

ಸೆಕೆಂಡ್_ಶೋ_ಶೀನ:
ಎಂಡಿಂಗ್ ವಿಷ್ಯ ಒಪ್ಪಲ್ಲ ಮೇಡಂ, ಅವಳಿಗೆ ಇಷ್ಟ ಆಗಿ ಬಟ್ಟೆ ಬದಲಾಯಿಸಿದ್ರೆ ತಪ್ಪೇನು? ಅದನ್ನೂ ಏಲಿಯನ್ ಕೆಲಸ ಅಂದ್ರೆ ಕಷ್ಟ. ನಗು ಟೆಸ್ಟ್ ಮಾತ್ರ ಸೂಪರ್.

ಕ್ಯಾತ್ಸಂದ್ರ_ಕ್ಯಾಮೆರಾ:
ಮೇಡಂ ಉಪ್ಪಿನಕಾಯಿ ಸೀನ್ ಕದೀತೀನಿ, ಟೈಟಲ್ ಕಾರ್ಡಲ್ಲಿ ನಿಮ್ ಹೆಸ್ರು ಹಾಕ್ತೀನಿ. ಈಗಿರೋ ತಲೆನೋವು ಲೊಕೇಶನ್ನು. ಎರಡು ಹಾಸ್ಟೆಲಲ್ಲಿ ಕೇಳಿದ್ವಿ, ಗೇಟಲ್ಲೇ ವಾಪಸ್ ಕಳ್ಸಿದ್ರು.

ಪಾವಗಡದ_ಬಿಸ್ಲು:
ಹಾಸ್ಟೆಲ್ ಯಾಕ್ರೀ ಬೇಕು, ಆಷಾಢದಲ್ಲಿ ಯಾವ್ದಾದ್ರೂ ಕಲ್ಯಾಣ ಮಂಟಪ ಹಿಡೀರಿ, ಮದ್ವೆ ಇರಲ್ಲ, ಖಾಲಿ ಬಿದ್ದಿರ್ತವೆ, ಕಮ್ಮಿಗೆ ಒಪ್ಕೋತಾರೆ. ಮೇಲ್ಗಡೆ ಗಂಡಿನ ಕಡೆಯೋರಿಗೆ ಅಂತ ಉದ್ದಕ್ಕೆ ರೂಮುಗಳಿರ್ತವೆ, ಕೆಳಗೆ ಊಟದ ಹಾಲಲ್ಲಿ ಸ್ಟೀಲ್ ಟೇಬಲ್ ಸಾಲು, ನಿಮ್ ಮೆಸ್ ಸೀನಿಗೂ ಆಯ್ತು. ಕರೆಂಟ್ ಬಿಲ್ ಬೇರೆ ಕೊಡ್ಬೇಕಾ ಅಂತ ಮೊದ್ಲೇ ಮಾತಾಡ್ಕೊಳ್ಳಿ, ಜನರೇಟರ್ ಡೀಸೆಲ್ ಆಮೇಲೆ ಎಳೀತಾರೆ.