ಯಕ್ಷಗಾನದ ಚಿತ್ರಗಳಲ್ಲಿ ಅಡ್ಡ ಪಟ್ಟೆ ಏಕೆ?

ಪ್ರಶ್ನೆ:
ನಮ್ಮೂರ ಗದ್ದೆಯಲ್ಲಿ ಬಯಲಾಟವಿತ್ತು. ಬೆಳಗಿನ ಜಾವ ಮೂರಕ್ಕೆ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬಂದಾಗ ನನ್ನ ನಿದ್ದೆಯೂ ಹಾರಿತು, ಇನ್ನೂರು ಚಿತ್ರ ತೆಗೆದೆ. ಅರ್ಧದಷ್ಟರಲ್ಲಿ ಕಪ್ಪು ಅಡ್ಡ ಪಟ್ಟೆ. ಮುಖವೋ ಸುಣ್ಣ ಬಳಿದ ಗೋಡೆ. ಶಟರ್ ತೆರೆದಿದ್ದು 1/640 ಸೆಕೆಂಡು, ಐಎಸ್‌ಒ (ಬೆಳಕಿನ ಸಂವೇದನೆ) 6400. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ 1:
ಕ್ಯಾಮೆರಾವನ್ನು ಬೈಯಬೇಡಿ, ಎಲ್‌ಇಡಿ ದೀಪವನ್ನು ಬೈಯಿರಿ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಶಟರ್ ತೀರಾ ವೇಗವಾದರೆ ಮಿನುಗಿನ ನಡುವಿನ ಕತ್ತಲು ಪಟ್ಟೆಯಾಗಿ ಬೀಳುತ್ತದೆ. ಒಂದು ಮಿನುಗು ಪೂರ್ತಿ ಸಿಗುವಂತೆ ಶಟರನ್ನು 1/100ಕ್ಕೆ ಇಳಿಸಿ, ಅಷ್ಟೇ ಬೆಳಕಿಗೆ ಐಎಸ್‌ಒ 1000 ಸಾಕು. ಧಿಗಿಣದಲ್ಲಿ, ಅಂದರೆ ಹಾರಿ ಸುತ್ತುವ ಕುಣಿತದಲ್ಲಿ, ಚಿತ್ರ ಕದಡುತ್ತದೆ, ನಿಜ. ವೇಷಧಾರಿ ಅರ್ಥ (ಮಾತು) ಹೇಳಲು ನಿಲ್ಲುವವರೆಗೆ ಕಾಯಿರಿ. ಹಿಂದಿನ ಕತ್ತಲನ್ನು ನಂಬಿ ಕ್ಯಾಮೆರಾ ಬೆಳಕು ಹೆಚ್ಚಿಸುವುದರಿಂದ ಮುಖ ಬೆಳ್ಳಗಾಗುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ.

ಉತ್ತರ 2:
ರಾ ಕಡತದಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆಯಿರಿ. ತಿದ್ದುವಾಗ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುವ ಚಪಲ ಬೇಡ. ವೇಷದ ಕೆಂಪು ಮೊದಲೇ ಕೆಂಡ. ಇನ್ನಷ್ಟು ಏರಿಸಿದರೆ ಬಟ್ಟೆಯ ನೆರಿಗೆಯೆಲ್ಲ ಅಳಿಸಿಹೋಗುತ್ತದೆ. ಕೆಂಪನ್ನು ಮಾತ್ರ ತುಸು ಇಳಿಸಿ.

ಪ್ರಶ್ನೆ ಕೇಳಿದವನು:
ನಿನ್ನೆ ಪಕ್ಕದೂರಿನ ಆಟಕ್ಕೆ ಹೋಗಿದ್ದೆ. ಪಟ್ಟೆ ಇಲ್ಲ, ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಡುವ ಚಿಟ್ಟಿಯ ಒಂದೊಂದು ಮುಳ್ಳೂ ಎಣಿಸುವಂತೆ ಬಂದಿದೆ. ಧಿಗಿಣದ ಚಿತ್ರಗಳು ಮಾತ್ರ ಬರೀ ಬಣ್ಣದ ಸುಳಿ. ಅಳಿಸಲು ಮನಸ್ಸಾಗಲಿಲ್ಲ.